ಮೈಕ್ರೊಸೆಕೆಂಡಿಗೆ ಮುನ್ನೂರು ಮೀಟರ್

1996ರ ಜೂನ್‌ನಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ ಒಂದು ಆದೇಶ ಹೊರಡಿಸಿತು. ಮೊಬೈಲಿನಿಂದ ತುರ್ತು ಸಂಖ್ಯೆ 911ಕ್ಕೆ ಕರೆ ಬಂದರೆ, ಕರೆ ಮಾಡಿದವರು ಎಲ್ಲಿದ್ದಾರೆಂದು ಫೋನ್ ಕಂಪನಿ ತಾನಾಗಿ ತಿಳಿಸಬೇಕು. ನೂರರಲ್ಲಿ 67 ಕರೆಗಳಿಗಾದರೂ ತಪ್ಪು 125 ಮೀಟರ್ ದಾಟಬಾರದು. 2001ರ ಅಕ್ಟೋಬರ್ 1 ಕಡೆಯ ಗಡುವು. ಆದೇಶ ಹೊರಬಿದ್ದ ದಿನ ಇಷ್ಟನ್ನು ಮಾಡಿಕೊಡಬಲ್ಲ ಉಪಕರಣ ಅಮೆರಿಕದ ಯಾವ ಫೋನ್ ಜಾಲದಲ್ಲೂ ಇರಲಿಲ್ಲ. ಕಟ್ಟಳೆ ಮೊದಲು ಬಂತು, ಯಂತ್ರ ಆಮೇಲೆ.

ಇಂದು ನಮ್ಮ ಜೇಬಿನಲ್ಲಿರುವ ಫೋನು ಎಲ್ಲಿದೆಯೆಂದು ಕಂಪನಿಗೆ, ಪೊಲೀಸರಿಗೆ, ಆ್ಯಪ್‌ಗಳಿಗೆ ಇಷ್ಟು ಸಲೀಸಾಗಿ ತಿಳಿಯುವುದರ ಹಿಂದೆ ಆ ಆದೇಶದ ದೊಡ್ಡ ಪಾತ್ರವಿದೆ. ಅದರ ಕತೆ ಮೂಲತಃ ಗಡಿಯಾರಗಳ ಕತೆ.

ವಿಳಾಸ ಕಳೆದುಕೊಂಡ ಕರೆ

911 ಸಂಖ್ಯೆಗೆ ಮೊದಲ ಕರೆ ಹೋದದ್ದು 1968ರ ಫೆಬ್ರುವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಆಗಿನ ಫೋನಿಗೆ ತಂತಿಯಿತ್ತು, ತಂತಿಯ ತುದಿಯಲ್ಲಿ ಮನೆಯಿತ್ತು. ಮುಂದೆ ಕರೆ ಬಂದೊಡನೆ ಚಂದಾದಾರರ ವಿಳಾಸ ತುರ್ತು ಕೇಂದ್ರದ ಪರದೆಯ ಮೇಲೆ ಮೂಡುವ ಏರ್ಪಾಟೂ ಬೆಳೆಯಿತು. ಕರೆ ಮಾಡಿದವರ ಬಾಯಿಂದ ಮಾತೇ ಹೊರಡದಿದ್ದರೂ ಆಂಬುಲೆನ್ಸ್ ಬಾಗಿಲಿಗೆ ಬರುತ್ತಿತ್ತು.

1983ರ ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ ವಾಣಿಜ್ಯ ಸೆಲ್ಯುಲರ್ ಸೇವೆ ಆರಂಭವಾದಾಗ ಈ ನಂಟು ಕಡಿಯಿತು. ಹೆದ್ದಾರಿಯಲ್ಲಿ ಅಪಘಾತಕ್ಕೀಡಾದವರ ಕೈಗೆ ಫೋನೇನೋ ಸಿಕ್ಕಿತು, ಆದರೆ ತಾವು ಎಷ್ಟನೇ ಮೈಲಿಗಲ್ಲಿನ ಬಳಿ ಇದ್ದೇವೆಂದು ಹೇಳಲು ಅವರಿಗೆ ತಿಳಿಯುತ್ತಿರಲಿಲ್ಲ. 1993ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪ್ರದೇಶದಲ್ಲಿ ಅಪಹರಣಕ್ಕೊಳಗಾದ ಯುವತಿಯೊಬ್ಬಳು ಕಾರ್‌ಫೋನಿನಿಂದ 911ಕ್ಕೆ ಕರೆ ಹಚ್ಚಿದ್ದಳು. ಅತ್ತ ಕಡೆಯವರು ಎಲ್ಲವನ್ನೂ ಕೇಳಿಸಿಕೊಂಡರು. ಎಲ್ಲಿಗೆ ಧಾವಿಸಬೇಕೆಂಬುದು ಮಾತ್ರ ಅವರಿಗೆ ಗೊತ್ತಾಗಲಿಲ್ಲ, ಅವಳ ಕೊಲೆಯಾಯಿತು. ಅವಳ ತಂದೆ ಮುಂದೆ ಆ ರಾಜ್ಯದ ಶಾಸಕರಾಗಿ, ಮೊಬೈಲ್ ಕರೆಗೂ ವಿಳಾಸ ಸಿಗಲೇಬೇಕೆಂದು ಹೋರಾಡಿದರು. ತುರ್ತು ಸೇವೆಗಳ ಸಂಘಟನೆಗಳೂ ಮೊಬೈಲ್ ಉದ್ಯಮದ ಒಕ್ಕೂಟವೂ ಕೂತು ಮಾತಾಡಿ 1996ರ ಆರಂಭದಲ್ಲಿ ಒಂದು ಒಪ್ಪಂದಕ್ಕೆ ಬಂದವು. 125 ಮೀಟರ್, ನೂರಕ್ಕೆ 67 ಎಂಬ ಅಂಕಿಗಳು ಚೌಕಾಶಿಯ ಆ ಮೇಜಿನಿಂದ ಎದ್ದು ಬಂದವು.

ಗಡಿಯಾರದ ಎರಡು ವಂಶ

ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಾದ ಮೈಕ್ರೊಸೆಕೆಂಡಿನಲ್ಲಿ ಅದರ ನಡೆ 300 ಮೀಟರ್. ಒಂದೇ ಸಂಕೇತ ಬೇರೆಬೇರೆ ಕಡೆ ನಿಂತ ಮೂರು ಟವರುಗಳನ್ನು ಮುಟ್ಟುವ ಹೊತ್ತಿನಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತದೆ. ಎರಡು ಟವರುಗಳ ನಡುವಿನ ಈ ವ್ಯತ್ಯಾಸ ಗೊತ್ತಾದರೆ, ಸಂಕೇತ ಕಳಿಸಿದವರು ನಕ್ಷೆಯ ಮೇಲೆ ಒಂದು ಬಾಗಿದ ಗೆರೆಯ ಮೇಲೆಲ್ಲೋ ಇದ್ದಾರೆಂದು ಹೇಳಬಹುದು. ಆ ಗೆರೆಯನ್ನು ಗಣಿತದಲ್ಲಿ ಅತಿಪರವಲಯ ಎನ್ನುತ್ತಾರೆ. ಮೂರನೆಯ ಟವರು ಕೊಡುವ ಮತ್ತೊಂದು ಗೆರೆ ಮೊದಲನೆಯದನ್ನು ಕತ್ತರಿಸುವ ಬಿಂದುವೇ ಅವರಿರುವ ಜಾಗ.

ಈ ಲೆಕ್ಕ ಮೊದಲು ಪಳಗಿದ್ದು ಶಬ್ದದ ಮೇಲೆ, ಮೊದಲ ಮಹಾಯುದ್ಧದಲ್ಲಿ. 1915ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಲಾರೆನ್ಸ್ ಬ್ರಾಗ್‌ನನ್ನು ಬ್ರಿಟಿಷ್ ಸೇನೆ ಅದೇ ವರ್ಷ ಯುದ್ಧರಂಗಕ್ಕೆ ಕಳಿಸಿತು. ಮರೆಯಲ್ಲಿ ಕೂತ ಜರ್ಮನ್ ಫಿರಂಗಿಗಳನ್ನು ಅವುಗಳ ಸದ್ದಿನಿಂದಲೇ ಹುಡುಕುವುದು ಅವನಿಗೆ ಒಪ್ಪಿಸಿದ ಕೆಲಸ. ಮುಂಚೂಣಿಯ ಹಿಂದೆ ಸಾಲಾಗಿ ನೆಟ್ಟ ಮೈಕ್ರೊಫೋನುಗಳಿಗೆ ಸದ್ದು ತಲುಪಿದ ಹೊತ್ತುಗಳನ್ನು ಹೋಲಿಸಿ ಅವನ ತಂಡ ಫಿರಂಗಿಯ ಜಾಗವನ್ನು ಗುರುತು ಹಾಕುತ್ತಿತ್ತು. ಗುಂಡು ಹಾರಿಸಿದ ಮಾತ್ರಕ್ಕೆ ಫಿರಂಗಿ ತನ್ನ ವಿಳಾಸವನ್ನು ಶತ್ರುವಿಗೆ ಒಪ್ಪಿಸಿಬಿಡುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಇದೇ ಗಣಿತ ತಿರುಗಿ ನಿಂತಿತು. ಬ್ರಿಟನ್ನಿನ ರಾಬರ್ಟ್ ಡಿಪ್ಪಿ ರೂಪಿಸಿದ ‘ಜೀ’ ವ್ಯವಸ್ಥೆಯಲ್ಲಿ ಸಂಕೇತ ಕಳಿಸುವುದು ನೆಲದ ಮೇಲಿನ ಕೇಂದ್ರಗಳ ಪಾಲಿಗೆ, ಕೇಳಿಸಿಕೊಳ್ಳುವುದು ವಿಮಾನದ ಪಾಲಿಗೆ ಬಂತು. ಸಂಕೇತಗಳು ಬಂದ ಹೊತ್ತಿನ ವ್ಯತ್ಯಾಸವನ್ನು ಪರದೆಯ ಮೇಲೆ ಅಳೆದು, ವಕ್ರರೇಖೆಗಳು ತುಂಬಿದ ನಕ್ಷೆಯಲ್ಲಿ ಹುಡುಕಿದರೆ ಕತ್ತಲಲ್ಲೂ ಮೋಡದ ಮೇಲೂ ತಾನೆಲ್ಲಿದ್ದೇನೆಂದು ನ್ಯಾವಿಗೇಟರ್‌ಗೆ ತಿಳಿಯುತ್ತಿತ್ತು. 1942ರ ಮಾರ್ಚ್‌ನಲ್ಲಿ ಎಸ್ಸೆನ್ ನಗರದ ಮೇಲಿನ ದಾಳಿಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಕೆಲವೇ ತಿಂಗಳಲ್ಲಿ ಜರ್ಮನರು ಅದರ ಸಂಕೇತಗಳಿಗೆ ಅಡ್ಡಿ ಹಾಕಲು ಕಲಿತರು.

ಅಮೆರಿಕದಲ್ಲಿ ಇದರ ಜೋಡಿಯಾದ ‘ಲೊರಾನ್’ನ ಹಿಂದೆ ಇದ್ದವನು ಆಲ್ಫ್ರೆಡ್ ಲೂಮಿಸ್. ವಾಲ್‌ಸ್ಟ್ರೀಟಿನಲ್ಲಿ ಸಂಪತ್ತು ಗಳಿಸಿ, ಟಕ್ಸಿಡೊ ಪಾರ್ಕ್‌ನಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡು, ಆ ಕಾಲದ ಅತ್ಯಂತ ನಿಖರ ಗಡಿಯಾರಗಳಾದ ಶಾರ್ಟ್ ಲೋಲಕಗಳನ್ನು ಮೂರು ಖರೀದಿಸಿದ್ದ ಆಸಾಮಿ. ಸಮಯದ ಹುಚ್ಚಿನ ಈ ಶ್ರೀಮಂತ ಎಂಐಟಿಯ ರೇಡಿಯೇಷನ್ ಲ್ಯಾಬೊರೇಟರಿಯಲ್ಲಿ ಶುರು ಮಾಡಿಸಿದ ಕೆಲಸ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ದಾರಿ ತೋರಿಸಿತು. ದಶಕಗಳ ನಂತರ ಬಂದ ಜಿಪಿಎಸ್ ಇದೇ ವಂಶದ ಕೂಸು. ಅದರಲ್ಲಿ ಕೇಂದ್ರಗಳು ಆಕಾಶಕ್ಕೇರಿವೆ, ಗಡಿಯಾರಗಳು ಪರಮಾಣು ಗಡಿಯಾರಗಳಾಗಿವೆ.

ಹೀಗೆ ಒಂದೇ ಗಣಿತಕ್ಕೆ ಎರಡು ವಂಶಗಳಾದವು. ಬ್ರಾಗ್‌ನ ವಂಶ ‘ಅವನೆಲ್ಲಿದ್ದಾನೆ’ ಎಂದು ಕೇಳುತ್ತದೆ, ಡಿಪ್ಪಿ ಮತ್ತು ಲೂಮಿಸ್‌ರ ವಂಶ ‘ನಾನೆಲ್ಲಿದ್ದೇನೆ’ ಎಂದು ಕೇಳುತ್ತದೆ. ಲೊರಾನ್ ಬಳಸಿದ ನಾವಿಕನ ಜಾಗ ಲೊರಾನ್ ಕೇಂದ್ರಕ್ಕೆ ತಿಳಿಯುತ್ತಿರಲಿಲ್ಲ. ಸದ್ದು ಮಾಡಿದ ಫಿರಂಗಿಯ ಜಾಗ ಫಿರಂಗಿಯನ್ನು ಬಿಟ್ಟು ಬೇರೆಯವರಿಗೂ ತಿಳಿಯುತ್ತಿತ್ತು. ಮೊಬೈಲ್ ಫೋನು ಇವೆರಡರಲ್ಲಿ ಯಾವ ವಂಶಕ್ಕೆ ಸೇರಬೇಕೆಂಬ ಪ್ರಶ್ನೆಯನ್ನು 1996ರಲ್ಲಿ ಯಾರೂ ಇಷ್ಟು ಬಿಡಿಸಿ ಇಟ್ಟಿರಲಿಲ್ಲ.

ಜಾಲಕ್ಕೆ ಮೊದಲೇ ಗೊತ್ತಿತ್ತು

ಯುರೋಪಿನ ಇಂಜಿನಿಯರುಗಳು 1980ರ ದಶಕದಲ್ಲಿ ಕಟ್ಟಿದ ಜಿಎಸ್‌ಎಂ ವ್ಯವಸ್ಥೆಗೆ ಜನರನ್ನು ಹುಡುಕುವ ಉದ್ದೇಶವೇ ಇರಲಿಲ್ಲ. ಆದರೂ ದೂರ ಅಳೆಯುವುದು ಅದಕ್ಕೆ ಅನಿವಾರ್ಯವಾಯಿತು. ಜಿಎಸ್‌ಎಂನಲ್ಲಿ ಒಂದೇ ತರಂಗಾಂತರವನ್ನು ಎಂಟು ಫೋನುಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ, ಒಂದೊಂದು ಸರದಿ 577 ಮೈಕ್ರೊಸೆಕೆಂಡು. ಟವರಿನಿಂದ 20 ಕಿಲೋಮೀಟರ್ ದೂರದ ಫೋನಿಗೆ ಟವರಿನ ಸಮಯವೇ 67 ಮೈಕ್ರೊಸೆಕೆಂಡು ತಡವಾಗಿ ಮುಟ್ಟುತ್ತದೆ. ಅದನ್ನು ನೋಡಿಕೊಂಡು ಅದು ಕಳಿಸಿದ ಮಾತು ವಾಪಸಾಗಲು ಇನ್ನೂ ಅಷ್ಟೇ ಹೊತ್ತು. ಸುಮ್ಮನೆ ಬಿಟ್ಟರೆ ಅದು ಪಕ್ಕದವರ ಸರದಿಯ ಮೇಲೆ ಬೀಳುತ್ತದೆ. ಹಾಗಾಗಿ ಟವರು ಪ್ರತಿ ಫೋನಿಗೂ, ನೀನು ಇಷ್ಟು ಮುಂಚಿತವಾಗಿ ಕಳಿಸು ಎಂದು 0ಯಿಂದ 63ರವರೆಗಿನ ಒಂದು ಅಂಕಿ ಕೊಡುತ್ತದೆ. ಇದಕ್ಕೆ ‘ಟೈಮಿಂಗ್ ಅಡ್ವಾನ್ಸ್’ ಎಂದು ಹೆಸರು. ಒಂದೊಂದು ಮೆಟ್ಟಿಲೂ ಸುಮಾರು 550 ಮೀಟರಿಗೆ ಸಮ. 63 ಮೆಟ್ಟಿಲಿಗೆ 35 ಕಿಲೋಮೀಟರ್ ಆಗುತ್ತದೆ. ಮಾಮೂಲಿ ಜಿಎಸ್‌ಎಂ ಟವರಿನ ವ್ಯಾಪ್ತಿ ಅಲ್ಲಿಗೆ ಮುಗಿಯುವುದು ಇದರಿಂದಲೇ.

1991ರ ಜುಲೈನಲ್ಲಿ ಫಿನ್ಲೆಂಡಿನಲ್ಲಿ ಮೊದಲ ಜಿಎಸ್‌ಎಂ ಕರೆ, 1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯ ಸುಖ್‌ರಾಮ್ ಅವರಿಗೆ ಮಾಡಿದ ಭಾರತದ ಮೊದಲ ಮೊಬೈಲ್ ಕರೆ. ಅಂದಿನಿಂದ ಈ ಬಗೆಯ ಫೋನಿನಲ್ಲಿ ಮಾತಾಡಿದವರೆಲ್ಲರ ದೂರ ಅವರವರ ಟವರಿಗೆ ಗೊತ್ತಿತ್ತು. ದಿಕ್ಕು ಮಾತ್ರ ಸ್ಪಷ್ಟವಿರಲಿಲ್ಲ. ಸಾಮಾನ್ಯ ಟವರಿನ ಮೂರು ಆಂಟೆನಾಗಳು ಒಂದೊಂದೂ 120 ಡಿಗ್ರಿಯ ಹೋಳನ್ನು ನೋಡುತ್ತವೆ. ದೂರವನ್ನೂ ಹೋಳನ್ನೂ ಸೇರಿಸಿದರೆ ಉದ್ದನೆಯ ಒಂದು ಕಮಾನು ಸಿಗುತ್ತಿತ್ತು. ಪೊಲೀಸರು ಬಾಗಿಲು ತಟ್ಟಲು ಅದು ಸಾಲದು.

ಗಡುವಿನ ಓಟ

ಎಫ್‌ಸಿಸಿ ಆದೇಶದ ಮೊದಲ ಹಂತ ಸುಲಭದ್ದು. 1998ರ ಏಪ್ರಿಲ್‌ನಿಂದ ಕರೆ ಮಾಡಿದವರ ಸಂಖ್ಯೆ ಮತ್ತು ಟವರಿನ ಗುರುತನ್ನು ತುರ್ತು ಕೇಂದ್ರಕ್ಕೆ ಕೊಟ್ಟರೆ ಸಾಕಿತ್ತು. ಎರಡನೆಯ ಹಂತಕ್ಕಾಗಿ ಓಟ ಶುರುವಾಯಿತು. 125 ಮೀಟರ್ ಎಂದರೆ ಅರ್ಧ ಮೈಕ್ರೊಸೆಕೆಂಡಿಗಿಂತ ಕಡಿಮೆ. ಅಷ್ಟು ಸೂಕ್ಷ್ಮದ ಅಳತೆಗೆ ಟವರುಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗಿರಬೇಕು. ಜಿಎಸ್‌ಎಂ ಟವರುಗಳಿಗೆ ಅಂಥ ಅಭ್ಯಾಸವೇ ಇರಲಿಲ್ಲ, ಪ್ರತಿಯೊಂದೂ ತನ್ನ ತಾಳಕ್ಕೆ ತಾನು ಕುಣಿಯುತ್ತಿತ್ತು.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ರೇಡಿಯೊ ಖಗೋಳಜ್ಞ ಪೀಟರ್ ಡಫೆಟ್-ಸ್ಮಿತ್ ಇದಕ್ಕೊಂದು ಉಪಾಯ ಕಂಡರು. ದೂರದೂರದ ಆಂಟೆನಾಗಳಿಗೆ ನಕ್ಷತ್ರಲೋಕದ ಸಂಕೇತ ತಲುಪುವ ಹೊತ್ತನ್ನು ಹೋಲಿಸುವುದು ಅವರ ವೃತ್ತಿಯ ನಿತ್ಯದ ಕೆಲಸ. ಅವರು ಕಟ್ಟಿದ ಕೇಂಬ್ರಿಡ್ಜ್ ಪೊಸಿಷನಿಂಗ್ ಸಿಸ್ಟಮ್ಸ್ ಕಂಪನಿ ಫೋನಿನ ಕೈಯಲ್ಲೇ ಸುತ್ತಲಿನ ಟವರುಗಳ ಸಂಕೇತಗಳನ್ನು ಅಳೆಸುವ ವಿಧಾನ ರೂಪಿಸಿತು. ಗೊತ್ತಿರುವ ಜಾಗಗಳಲ್ಲಿ ನಿಂತ ಅಳತೆಪೆಟ್ಟಿಗೆಗಳು, ಟವರುಗಳ ಗಡಿಯಾರ ಎಷ್ಟೆಷ್ಟು ಹೊರಳಿದೆಯೆಂದು ಹೇಳುತ್ತಿದ್ದವು. ಇ-ಒಟಿಡಿ ಎಂದು ಹೆಸರಾದ ಈ ವಿಧಾನವನ್ನು ಅಮೆರಿಕದ ಜಿಎಸ್‌ಎಂ ಕಂಪನಿಗಳು ಮೊದಲು ಅಪ್ಪಿಕೊಂಡವು.

ಪೆನ್ಸಿಲ್ವೇನಿಯಾದ ಟ್ರೂಪೊಸಿಷನ್ ಕಂಪನಿ ಬ್ರಾಗ್‌ನ ದಾರಿ ಹಿಡಿಯಿತು. ಫೋನಿಗೆ ಹೊಸದೇನೂ ಬೇಡ, ಅದು ಎಂದಿನಂತೆ ಮಾತಾಡಲಿ. ಟವರುಗಳಲ್ಲಿ ಜಿಪಿಎಸ್ ಗಡಿಯಾರಕ್ಕೆ ತಾಳೆ ಹಾಕಿದ ಸೂಕ್ಷ್ಮ ಕಿವಿಗಳನ್ನಿಟ್ಟು, ಫೋನಿನ ಸಂಕೇತ ಯಾವ ಟವರಿಗೆ ಯಾವಾಗ ಮುಟ್ಟಿತೆಂದು ಹೋಲಿಸಿದರಾಯಿತು. ಇದನ್ನು ಯು-ಟಿಡಿಒಎ ಎಂದರು. ಹತ್ತು ವರ್ಷದ ಹಳೆಯ ಫೋನೂ ಇದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಮೂರನೆಯ ದಾರಿ ಕ್ಯಾಲಿಫೋರ್ನಿಯಾದ ಸ್ನ್ಯಾಪ್‌ಟ್ರ್ಯಾಕ್ ಕಂಪನಿಯದು. ಅದರ ನಾರ್ಮನ್ ಕ್ರಾಸ್ನರ್, ಜಿಪಿಎಸ್ ಸಂಕೇತದ ಒಂದು ತುಣುಕನ್ನು ಫೋನಿನ ನೆನಪಿನಲ್ಲಿ ಹಿಡಿದಿಟ್ಟು ಲೆಕ್ಕ ಹಾಕಿಸಿದರು. ಯಾವ ಉಪಗ್ರಹ ಎಲ್ಲಿದೆಯೆಂಬ ಸುಳಿವನ್ನು ಜಾಲವೇ ಒದಗಿಸುತ್ತಿದ್ದರಿಂದ, ಮಾಮೂಲಿ ಜಿಪಿಎಸ್‌ಗೆ ಹಿಡಿಯಲಾಗದ ಕ್ಷೀಣ ಸಂಕೇತವೂ ಕೆಲಸಕ್ಕೆ ಬಂತು. ಫೋನಿನಲ್ಲೇ ಉಪಕರಣವಿಡುವ ದಾರಿಗೆ 1999ರಲ್ಲಿ ಎಫ್‌ಸಿಸಿ ಬಾಗಿಲು ತೆರೆದು ಅಂಕಿಗಳನ್ನೂ ಬದಲಿಸಿತು. ಫೋನು ಅಳೆದರೆ ನೂರಕ್ಕೆ 67 ಕರೆಗಳಲ್ಲಿ 50 ಮೀಟರ್, ಜಾಲ ಅಳೆದರೆ 100 ಮೀಟರ್. 2000ದಲ್ಲಿ ಕ್ವಾಲ್‌ಕಾಮ್ ಸುಮಾರು 100 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಸ್ನ್ಯಾಪ್‌ಟ್ರ್ಯಾಕನ್ನು ಕೊಂಡುಕೊಂಡಿತು. ಕ್ವಾಲ್‌ಕಾಮ್‌ನ ಸಿಡಿಎಂಎ ತಂತ್ರಜ್ಞಾನ ಬಳಸುವ ಟವರುಗಳು ಹುಟ್ಟಿನಿಂದಲೇ ಜಿಪಿಎಸ್ ಸಮಯಕ್ಕೆ ತಾಳೆಯಾಗಿದ್ದುದರಿಂದ, ಉಪಗ್ರಹ ಕಾಣದ ಕಡೆ ಟವರುಗಳ ಹೊತ್ತಿನ ಲೆಕ್ಕವೂ ಕೈಗೆ ಬರುತ್ತಿತ್ತು.

2001ರ ಅಕ್ಟೋಬರ್ ಬಂದಾಗ ದೊಡ್ಡ ಕಂಪನಿಗಳು ಸಿದ್ಧವಾಗಿರಲಿಲ್ಲ, ಎಫ್‌ಸಿಸಿ ವಿನಾಯಿತಿ ಕೊಡಬೇಕಾಯಿತು. ಪ್ರಯೋಗದಲ್ಲಿ ಗೆದ್ದ ಲೆಕ್ಕಗಳು ಊರೊಳಗೆ ಸೋಲುತ್ತಿದ್ದವು. ಕಟ್ಟಡಗಳಿಗೆ ಬಡಿದು ಸುತ್ತಿ ಬಂದ ಅಲೆ ನೇರ ಅಲೆಗಿಂತ ತಡವಾಗುತ್ತದೆ. ಒಂದು ಮೈಕ್ರೊಸೆಕೆಂಡು ತಡವಾದರೆ ಲೆಕ್ಕದ ದೂರಕ್ಕೆ 300 ಮೀಟರ್ ಕೂಡಿಕೊಳ್ಳುತ್ತದೆ. ಹೆದ್ದಾರಿಯ ಗುಂಟ ಒಂದೇ ಸಾಲಿನಲ್ಲಿ ನಿಂತ ಟವರುಗಳ ಬಳಿ ವಕ್ರರೇಖೆಗಳು ಚೂಪಾಗಿ ಕತ್ತರಿಸುವುದಿಲ್ಲ. ಇನ್ನೊಂದು ತೊಡಕು, ಟವರಿಗೆ ಹತ್ತಿರವಿದ್ದಷ್ಟೂ ಫೋನು ಬ್ಯಾಟರಿ ಉಳಿಸಲು ಮೆಲ್ಲಗೆ ಮಾತಾಡುತ್ತದೆ. ಆಗ ದೂರದ ಟವರುಗಳಿಗೆ ಅದು ಕೇಳಿಸುವುದೇ ಕಷ್ಟ. ಇ-ಒಟಿಡಿ ಬೇಕಾದ ನಿಖರತೆ ಮುಟ್ಟಲಿಲ್ಲ. ಎಟಿ ಅಂಡ್ ಟಿ ವೈರ್‌ಲೆಸ್, ಸಿಂಗ್ಯುಲರ್ ಕಂಪನಿಗಳು ಅದನ್ನು ಕೈಬಿಟ್ಟು ಯು-ಟಿಡಿಒಎಗೆ ಹೊರಳಿದವು. ಸಿಡಿಎಂಎ ಕಂಪನಿಗಳು ಜಿಪಿಎಸ್ ದಾರಿಯಲ್ಲಿ ಮುಂದೆ ಹೋದವು.

ಗೋಡೆಗಳ ಒಳಗೆ

ಆಮೇಲಿನ ಹದಿನೈದು ವರ್ಷಗಳಲ್ಲಿ ಫೋನು ರಸ್ತೆಯಿಂದ ಮನೆಯೊಳಕ್ಕೆ ಬಂತು. ಉಪಗ್ರಹದ ಸಂಕೇತ ಕಾಂಕ್ರೀಟಿನ ಕೆಳಗೆ ಸೊರಗುತ್ತದೆ. 2015ರ ಜನವರಿಯಲ್ಲಿ ಎಫ್‌ಸಿಸಿ ಮನೆಯೊಳಗಿನ ಕರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಆರು ವರ್ಷದೊಳಗೆ ನೂರಕ್ಕೆ 80 ಕರೆಗಳು 50 ಮೀಟರಿನೊಳಗೆ ಸಿಗಬೇಕೆಂದಿತು. 2019ರಲ್ಲಿ ಎತ್ತರಕ್ಕೂ 3 ಮೀಟರಿನ ಕಟ್ಟಳೆ ಬಂತು. ಯಾವ ಕಟ್ಟಡವೆಂದು ತಿಳಿದರೆ ಸಾಲದು, ಯಾವ ಮಹಡಿಯೆಂದೂ ತಿಳಿಯಬೇಕು.

ಗಡಿಯಾರಗಳೂ ಚುರುಕಾದವು. ಎಲ್‌ಟಿಇ (4ಜಿ) ಜಾಲದ ಟೈಮಿಂಗ್ ಅಡ್ವಾನ್ಸಿನ ಮೆಟ್ಟಿಲು 550ರಿಂದ 78 ಮೀಟರಿಗೆ ಇಳಿಯಿತು. ಹೊತ್ತು ಅಳೆಯಲೆಂದೇ ಟವರು ಕಳಿಸುವ ವಿಶೇಷ ಸಂಕೇತಗಳೂ ಅದರ ಜೊತೆ ಬಂದವು. 2016ರ ವೈ-ಫೈ ಮಾನದಂಡ ಸಂಕೇತ ಹೋಗಿಬರುವ ಹೊತ್ತಿನಿಂದ ಒಂದೆರಡು ಮೀಟರಿನೊಳಗೆ ದೂರ ಅಳೆಯುವುದನ್ನು ಸಾಧ್ಯವಾಗಿಸಿತು, ಎರಡು ವರ್ಷದಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಆ ಸೌಲಭ್ಯ ಬಂತು. ಬ್ರಿಟನ್ 2014ರಲ್ಲಿ ಇನ್ನೂ ಸರಳವಾದ ಏರ್ಪಾಟು ಆರಂಭಿಸಿತು. ತುರ್ತು ಕರೆ ಹಚ್ಚಿದೊಡನೆ ಫೋನೇ ಜಿಪಿಎಸ್, ವೈ-ಫೈ ನೋಡಿ ತನ್ನ ಜಾಗ ಲೆಕ್ಕ ಹಾಕಿ, ತುರ್ತು ಕೇಂದ್ರಕ್ಕೆ ಒಂದು ಸಂದೇಶ ಕಳಿಸುತ್ತದೆ. ಗೂಗಲ್ 2016ರಲ್ಲಿ, ಆಪಲ್ 2018ರಲ್ಲಿ ಇದನ್ನು ತಮ್ಮ ಫೋನುಗಳಿಗೆ ಸೇರಿಸಿದವು. ಫೋನು ತನಗೆ ತಾನು ಉತ್ತರ ಕಂಡುಕೊಂಡು, ಬೇಕಾದ ಹೊತ್ತಿಗೆ, ಬೇಕಾದವರಿಗೆ ಮಾತ್ರ ಹೇಳುವ ಪದ್ಧತಿ ಇದು. ಬೇರೆಯಾಗಿದ್ದ ಎರಡು ವಂಶಗಳು ಇಲ್ಲಿ ಕೂಡಿದವು.

ಉತ್ತರ ಯಾರ ಕೈಗೆ

1996ರ ಆದೇಶ ಜೀವ ಉಳಿಸಲೆಂದು ಹುಟ್ಟಿದ್ದು, ಉಳಿಸಿಯೂ ಇದೆ. ಆದರೆ ಕಿವಿ ಒಮ್ಮೆ ಟವರಿಗೇರಿತೆಂದರೆ, ಕೇಳಿಸಿಕೊಂಡದ್ದನ್ನು ಯಾರಿಗೆ ಹೇಳಬೇಕೆಂಬ ಪ್ರಶ್ನೆ ಎದುರಾಗುತ್ತದೆ. ಅಮೆರಿಕದ ಸಂಸತ್ತು 1999ರಲ್ಲೇ ತುರ್ತು ಸಂದರ್ಭ ಬಿಟ್ಟು ಬೇರೆ ಬಳಕೆಗೆ ಗ್ರಾಹಕರ ಸ್ಪಷ್ಟ ಒಪ್ಪಿಗೆ ಬೇಕೆಂದು ಕಾನೂನು ಮಾಡಿತ್ತು. 2018ರಲ್ಲಿ ಬಯಲಾದ ಸಂಗತಿಯೆಂದರೆ, ದೊಡ್ಡ ಕಂಪನಿಗಳು ಗ್ರಾಹಕರ ಜಾಗದ ಮಾಹಿತಿಯನ್ನು ದಲ್ಲಾಳಿಗಳಿಗೆ ಮಾರುತ್ತಿದ್ದವು, ಅದು ಕೈಯಿಂದ ಕೈಗೆ ದಾಟುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಎಫ್‌ಸಿಸಿ ಎಟಿ ಅಂಡ್ ಟಿ, ವೆರೈಜನ್, ಟಿ-ಮೊಬೈಲ್, ಸ್ಪ್ರಿಂಟ್ ಕಂಪನಿಗಳಿಗೆ ಒಟ್ಟು 20 ಕೋಟಿ ಡಾಲರಿನಷ್ಟು ದಂಡ ಹಾಕಿತು. ಕಂಪನಿಗಳು ಅದರ ವಿರುದ್ಧ ಕೋರ್ಟಿಗೆ ಹೋದವು.

ಪೊಲೀಸರ ವಿಷಯ 2018ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅದು ಕಾರ್ಪೆಂಟರ್ ಮೊಕದ್ದಮೆ. ಅಂಗಡಿ ದರೋಡೆಗಳ ಆರೋಪಿಯೊಬ್ಬನ 127 ದಿನಗಳ ಟವರ್ ದಾಖಲೆಯನ್ನು, ಒಟ್ಟು 12,898 ಬಿಂದುಗಳನ್ನು, ತನಿಖಾಧಿಕಾರಿಗಳು ವಾರಂಟ್ ಇಲ್ಲದೆ ಪಡೆದಿದ್ದರು. ಆ ದಾಖಲೆ ಮೈಕ್ರೊಸೆಕೆಂಡಿನ ಲೆಕ್ಕದ್ದಲ್ಲ, ಯಾವ ಟವರಿನ ಯಾವ ಹೋಳು ಎಂಬಷ್ಟರದು. ಆದರೆ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಸಂಕೇತ ಬರುವ ಹೊತ್ತನ್ನೂ ಕೋನವನ್ನೂ ಅಳೆದು 50 ಮೀಟರಿನೊಳಗೆ ಫೋನನ್ನು ಹಿಡಿಯುವ ಶಕ್ತಿ ಕಂಪನಿಗಳಿಗೆ ಈಗಾಗಲೇ ಬಂದಿದೆಯೆಂಬುದನ್ನು ತೀರ್ಪಿನಲ್ಲೇ ಗಮನಿಸಿದರು. ಇಂಥ ದಾಖಲೆಗೆ ಸಾಮಾನ್ಯವಾಗಿ ನ್ಯಾಯಾಧೀಶರ ವಾರಂಟ್ ಬೇಕೆಂದು 5–4ರ ಬಹುಮತದಲ್ಲಿ ಹೇಳಿದರು.

ಭಾರತವೂ ಇದೇ ದಾರಿಯಲ್ಲಿ ತಡವಾಗಿ ನಡೆಯಿತು. 2012ರ ದೆಹಲಿ ಅತ್ಯಾಚಾರದ ನಂತರ ಒಂದೇ ತುರ್ತು ಸಂಖ್ಯೆಯ ಬೇಡಿಕೆ ಬಲವಾಯಿತು. 2016ರಲ್ಲಿ ಕೇಂದ್ರ ಸರ್ಕಾರ, 2017ರ ಜನವರಿಯಿಂದ ಮಾರಾಟವಾಗುವ ಫೋನುಗಳಲ್ಲಿ ಪ್ಯಾನಿಕ್ ಬಟನ್, 2018ರ ಜನವರಿಯಿಂದ ಜಿಪಿಎಸ್ ಕಡ್ಡಾಯವೆಂದಿತು. ಆ ಒಂದೇ ತುರ್ತು ಸಂಖ್ಯೆಯಾದ 112ರ ವ್ಯವಸ್ಥೆ 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಿಂದ ಆರಂಭವಾಯಿತು. ‘ನಾನೆಲ್ಲಿದ್ದೇನೆ’ ಎಂಬ ವಂಶಕ್ಕೆ ನಮ್ಮದೇ ಕೊಡುಗೆಯೂ ಇದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2013ರಲ್ಲಿ ತೆರೆದ ಇಸ್ರೊ ಕೇಂದ್ರ, ಜಿಪಿಎಸ್‌ನಂತೆಯೇ ಜಾಗ ತಿಳಿಸುವ ನಮ್ಮ ನ್ಯಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಆ ಸರಣಿಯ ಮೊದಲ ಉಪಗ್ರಹದ ಆಮದು ಪರಮಾಣು ಗಡಿಯಾರಗಳು ಕೆಟ್ಟಾಗ ಅದರ ಜಾಗ ಹೇಳುವ ಶಕ್ತಿಯೇ ಹೋಯಿತು. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ.

ಇನ್ನೊಂದು ವಂಶದ ಪರಿಚಯ ನಮ್ಮ ಪತ್ರಿಕೆಗಳ ಅಪರಾಧ ಪುಟದಲ್ಲಿ ನಿತ್ಯ ಸಿಗುತ್ತದೆ. ‘ಮೊಬೈಲ್ ಟವರ್ ಲೊಕೇಶನ್ ಆಧರಿಸಿ ಆರೋಪಿಯ ಬಂಧನ’ ಎಂಬ ಸಾಲು ಓದದ ಕನ್ನಡಿಗರಿಲ್ಲ. ಆ ಲೊಕೇಶನ್ ಪಡೆಯಲು ಪ್ರತಿ ಸಲವೂ ನ್ಯಾಯಾಧೀಶರ ವಾರಂಟ್ ಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಆದರೆ ಅಂಥ ಕಾನೂನಿಗೆ ಬೇಕಾದ ತಳಪಾಯವನ್ನು ಒಬ್ಬ ಕನ್ನಡಿಗರೇ ಹಾಕಿಸಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. 2024ರ ಜುಲೈ 8ರಂದು ಅದೇ ಕೋರ್ಟು, ಆರೋಪಿ ತನ್ನ ಗೂಗಲ್ ಮ್ಯಾಪ್ಸ್ ಲೊಕೇಶನನ್ನು ಪೊಲೀಸರಿಗೆ ಕಾಣುವಂತೆ ಇಟ್ಟಿರಬೇಕೆಂದು ಜಾಮೀನಿಗೆ ಷರತ್ತು ಹಾಕುವಂತಿಲ್ಲ ಎಂದಿತು.

ಅಮೆರಿಕದಲ್ಲಿ ಫೋನನ್ನು ಹುಡುಕುವ ಆದೇಶಕ್ಕೂ ಹುಡುಕುವವರ ಕೈಗೆ ಲಗಾಮು ಹಾಕಿದ ತೀರ್ಪಿಗೂ ನಡುವೆ 22 ವರ್ಷ ಕಳೆದವು. ನಮ್ಮಲ್ಲಿ ಹಕ್ಕಿನ ತೀರ್ಪು ಮೊದಲೇ ಬಂದಿದೆ, ಕಾನೂನು ಹಿಂದೆ ಉಳಿದಿದೆ. 112ಕ್ಕೆ ಕರೆ ಮಾಡಿದವರ ಜಾಗ ಜಾಲ ಆ ಕ್ಷಣವೇ ಹೇಳಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬೇರೆ ಯಾರು ಕೇಳಿದರೂ, ಪೊಲೀಸರೇ ಕೇಳಿದರೂ, ನ್ಯಾಯಾಧೀಶರ ಸಹಿ ಇರಬೇಕು. ಟವರುಗಳ ಗಡಿಯಾರಗಳು ಮೀಟರು ಮೀಟರಾಗಿ ಇನ್ನೂ ಸೂಕ್ಷ್ಮವಾಗುತ್ತಿರುವಾಗ, ಸಂಸತ್ತು ಈ ಒಂದು ಗೆರೆಯನ್ನು ಎಳೆಯಲು ಇನ್ನಷ್ಟು ತಡ ಮಾಡಬಾರದು.